ಸಹಾಯ ಬೇಕು: ಮಕ್ಕಳ ಕಾದಂಬರಿಯಲ್ಲಿ ತಂದೆತಾಯಿಯರನ್ನು ಉಳಿಸಿಕೊಳ್ಳುವ ಬಗೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಚಂದ್ರಗಿರಿ ಹೊಳೆಯ ದಡದ ಊರೊಂದನ್ನಿಟ್ಟುಕೊಂಡು, ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದುವ ಹುಡುಗಿಯ ಸಾಹಸದ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಅವಳ ತಂದೆತಾಯಿಯರನ್ನು ಏನು ಮಾಡಬೇಕೆಂಬುದೇ ನನ್ನ ತೊಡಕು.

ಕಥೆ ಆರಂಭವಾಗುವ ಮುನ್ನವೇ ಅವರನ್ನು ದೂರ ಮಾಡುವುದು ಬಹಳ ಹಳೆಯ ಉಪಾಯ. ಕುಂತಿ ಕರ್ಣನನ್ನು ಹೊಳೆಯಲ್ಲಿ ತೇಲಿಬಿಟ್ಟಳು. ಮೇನಕೆ ಬಿಟ್ಟುಹೋದ ಶಕುಂತಲೆಯನ್ನು ಕಣ್ವರು ಸಾಕಿದರು, ದುಷ್ಯಂತ ಬರುವ ಹೊತ್ತಿಗೆ ಆ ಸಾಕುತಂದೆಯೂ ಆಶ್ರಮದಲ್ಲಿರಲಿಲ್ಲ. ಹಿರಿಯರು ಎದುರಿಗಿದ್ದರೆ ನಿರ್ಧಾರ ಅವರದಾಗುತ್ತದೆ, ಕಥೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಅನುಕೂಲಕ್ಕಾಗಿ ಇಬ್ಬರನ್ನು ಸಾಯಿಸಿ, ಆ ದುಃಖಕ್ಕೆ ಒಂದು ಪುಟವನ್ನೂ ಕೊಡದೆ ಸಾಹಸಕ್ಕೆ ಹೊರಡುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಕಡೆ ತಂದೆಯನ್ನು ಗಲ್ಫಿಗೆ ಕಳುಹಿಸಿಬಿಡುವುದು ಸುಲಭ. ಆದರೆ ಪ್ರತಿ ರಾತ್ರಿ ವೀಡಿಯೊ ಕರೆ ಮಾಡಿ ಮನೆಪಾಠವನ್ನು ವಿಚಾರಿಸುವ ತಂದೆ ಈಗ ದೂರವಿದ್ದಾನೆಂದು ಹೇಗೆ ಹೇಳುವುದು? ಇನ್ನೊಂದು ದಾರಿಯೆಂದರೆ, ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕಿಂತ ಹಿಂದಿನ ಅಳಿಯಸಂತಾನದ ಮನೆಯೊಂದಕ್ಕೆ ಕಥೆಯನ್ನು ಒಯ್ಯುವುದು. ಅಲ್ಲಿ ಮನೆತನ ತಾಯಿಯ ವಂಶದಲ್ಲಿ ಸಾಗಿ, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದಾದ್ದರಿಂದ, ತಂದೆ ಬದುಕಿದ್ದೂ ಮನೆಯ ನಿರ್ಧಾರಗಳಿಂದ ಹೊರಗಿರುವುದು ಸಹಜ. ಸೋದರಮಾವನ ಕಣ್ಣು ತಪ್ಪಿಸಿದರೆ ಸಾಕು.

ತಂದೆತಾಯಿ ಇಬ್ಬರೂ ಮನೆಯಲ್ಲಿದ್ದು ಮಗುವೇ ಕಥೆಯನ್ನು ನಡೆಸುವ ಕನ್ನಡ, ತುಳು ಅಥವಾ ಮಲಯಾಳದ ಕೃತಿಗಳು ತಮಗೆ ತಿಳಿದಿದ್ದರೆ ದಯವಿಟ್ಟು ಸೂಚಿಸಿ. ಅಳಿಯಸಂತಾನದ ಕೂಡುಮನೆಗಳಲ್ಲಿ ಬೆಳೆದ ಹಿರಿಯರು, ಮಕ್ಕಳು ಯಾವ ಸಂಗತಿಗಳನ್ನು ಮಾವನಿಂದ ಮುಚ್ಚಿಡುತ್ತಿದ್ದರು ಎಂಬುದನ್ನು ತಿಳಿಸಿದರೆ ಇನ್ನೂ ಉಪಕಾರವಾಗುತ್ತದೆ.