ಸಹಾಯ ಬೇಕು: ಬೂಷ್ಟು ಹಿಡಿದ ಕ್ಯಾಸೆಟ್‌ನಲ್ಲಿ ಅಪ್ಪನ ದನಿ ಇದೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನ ವರ್ಷದ ತಿಥಿ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಮೊಮ್ಮಕ್ಕಳೇ ಅವರ ಡ್ಯೂಟಿ. ರಾತ್ರಿ ತೆನಾಲಿ ರಾಮನ ಕಥೆ ಹೇಳ್ತಾ ಹೇಳ್ತಾ ನಡುವೆ ನಿಲ್ಲಿಸಿ, "ಎಲ್ಲಿಗೆ ಬಂದಿದ್ವಿ, ಹೇಳ್ ನೋಡೂಣು?" ಅಂತ ಕೇಳುತ್ತಿದ್ದರು. ಹುಡುಗರು ಮಲಗಿದ್ದಾರಾ ಅಂತ ನೋಡೋ ಉಪಾಯ ಅದು! ಅಣ್ಣ ಇದನ್ನೆಲ್ಲ ಟೇಪ್ ಮಾಡಿಟ್ಟಿದ್ದ.

ಆ ಕ್ಯಾಸೆಟ್ ಈಗ ಟ್ರಂಕ್‌ನಲ್ಲಿ ಸಿಕ್ಕಿದೆ, 90 ನಿಮಿಷದ್ದು. ಸುರುಳಿ ಅಂಚಿಗೆಲ್ಲ ಬಿಳಿ ಬೂಷ್ಟು. ಟೇಪನ್ನು ಪ್ಲೇಯರ್‌ನ ಹೆಡ್‌ಗೆ (ಟೇಪಿನಿಂದ ದನಿ ಓದುವ ಭಾಗ) ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡೂ ಉದುರಿದೆ. ಹಾಕಿ ನೋಡಿದರೆ ದನಿ ಬಾವಿಯೊಳಗಿಂದ ಬಂದ ಹಾಗೆ. ಟೇಪ್ ಸಿಕ್ಕಿಕೊಳ್ಳೋಕೆ ಶುರುವಾಯ್ತು, ತಕ್ಷಣ ನಿಲ್ಲಿಸಿದೆ. ಪ್ಲೇಯರ್ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಫರಕ್ ಇಲ್ಲ. ರಿಪೇರಿ ಅಂಗಡಿಯವರು "ಇದನ್ನ ಈಗ ಯಾರೂ ಮಾಡಲ್ಲ" ಅಂತ ವಾಪಸ್ ಕೊಟ್ಟರು.

ಕಂಪ್ಯೂಟರ್‌ಗೆ ಇಳಿಸೋದು ಗೊತ್ತು, ಪ್ಲೇಯರ್ ವೈರನ್ನು ಕಂಪ್ಯೂಟರ್‌ನ ಲೈನ್ ಇನ್‌ಗೆ ಕೊಟ್ಟು, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರಾಯ್ತು. ನಾನು ಸಿಕ್ಕಿಹಾಕಿಕೊಂಡಿರೋದು ಅದಕ್ಕೂ ಮುಂಚೆ. ಈ ಕ್ಯಾಸೆಟ್‌ಗೆ ಸ್ಕ್ರೂಗಳೇ ಇಲ್ಲ, ಅಂಚು ಅಂಟಿಸಿದ್ದು. ಒಡೆದು, ಸ್ಕ್ರೂ ಇರುವ ಬೇರೆ ಕ್ಯಾಸೆಟ್‌ನ ಡಬ್ಬಿಗೆ ಟೇಪ್ ಹಾಕಬೇಕು. 90ರ ಟೇಪ್ 60ರದ್ದಕ್ಕಿಂತ ತೆಳು ಬೇರೆ, ಸ್ವಲ್ಪ ಎಳೆದರೂ ಹಿಗ್ಗುತ್ತೆ ಅಂತ ಭಯ.

ಬೂಷ್ಟು ಮೊದಲು ಒರೆಸಬೇಕಾ, ಡಬ್ಬಿ ಬದಲಿಸಿದ ಮೇಲಾ? ಒಣ ಬಟ್ಟೆ ಸಾಕಾ, ಟೇಪ್ ಮೇಲೆ ಸ್ಪಿರಿಟ್ ಹಚ್ಚಬಹುದಾ? ಹುಬ್ಬಳ್ಳಿ-ಧಾರವಾಡದ ಕಡೆ ಈ ಕೆಲಸ ಕೈಯಾರೆ ಮಾಡಿದವರು ಯಾರಾದರೂ ಇದ್ದೀರಾ?