ಲಾರಿ ಸಾಗಣೆ ಕಚೇರಿಗೆ ಇಆರ್‌ಪಿನೆಕ್ಸ್ಟ್: ಎಲ್‌ಆರ್ ಅನ್ನು ಎಲ್ಲಿ ಕೂರಿಸಬೇಕು?

ಕಳಂಬೋಲಿ_ಲೆಕ್ಕ:

ಎಲ್ಲರಿಗೂ ನಮಸ್ಕಾರ. ನವಿ ಮುಂಬಯಿಯ ಕಳಂಬೋಲಿಯಲ್ಲಿರುವ ಸಾಗಣೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನ್ಹಾವಾ ಶೇವಾ ಬಂದರಿನಿಂದಲೂ ಭಿವಂಡಿಯ ಗೋದಾಮುಗಳಿಂದಲೂ ಸರಕು ಎತ್ತಿ ಪುಣೆ, ಕೊಲ್ಹಾಪುರ, ಬೆಳಗಾವಿ ಮಾರ್ಗವಾಗಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ತಲುಪಿಸುವುದು ನಮ್ಮ ಮುಖ್ಯ ಕೆಲಸ. ಕೆಲವು ಲಾರಿಗಳು ಸ್ವಂತದ್ದು, ಉಳಿದವನ್ನು ಬ್ರೋಕರ್‌ಗಳ ಮೂಲಕ ಬಾಡಿಗೆಗೆ ಹಿಡಿಯುತ್ತೇವೆ.

ಎಲ್‌ಆರ್ (ಲಾರಿ ರಸೀದಿ) ಪುಸ್ತಕ, ಎಕ್ಸೆಲ್ ಮತ್ತು ಟ್ಯಾಲಿಯ ನಡುವೆ ಒಂದೇ ವಿವರವನ್ನು ಮೂರು ಸಲ ಬರೆಯುವುದು ಸಾಕಾಗಿ, ಮಾಲೀಕರು ಇಆರ್‌ಪಿನೆಕ್ಸ್ಟ್ ಎಂಬ, ಮೂಲ ಕೋಡ್ ಮುಕ್ತವಾಗಿರುವ ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್ ಅಳವಡಿಸಲು ಹೇಳಿದ್ದಾರೆ. ಆದರೆ ಅದರಲ್ಲಿರುವ ಡೆಲಿವರಿ ಟ್ರಿಪ್, ಡೆಲಿವರಿ ನೋಟ್‌ಗಳನ್ನು ನೆಚ್ಚಿಕೊಂಡಿದೆ. ಅಂದರೆ ತನ್ನದೇ ಸರಕನ್ನು ತಾನೇ ಹಂಚುವ ವ್ಯಾಪಾರಿಗೆಂದು ಮಾಡಿದ್ದು. ಸೇಲ್ಸ್ ಇನ್‌ವಾಯ್ಸ್‌ಗೇ ಕಸ್ಟಮ್ ಫೀಲ್ಡ್‌ಗಳನ್ನು ಸೇರಿಸಿ ಅದನ್ನೇ ಎಲ್‌ಆರ್ ಎಂದು ಮುದ್ರಿಸೋಣ ಎಂಬುದು ನಮ್ಮ ಡೆವಲಪರ್ ಅವರ ಸಲಹೆ. ಇದು ಸರಿಯೇ? ನಾವು ಮಾಡಿಸಿದ ಬದಲಾವಣೆಗಳನ್ನು ಪ್ರತಿಸ್ಪರ್ಧಿಗಳಿಗೂ ಕೊಡಬೇಕಾಗುತ್ತದೆಯೇ ಎಂಬುದು ಮಾಲೀಕರ ಪ್ರತ್ಯೇಕ ಆತಂಕ.

ವಾಶಿ_ಫ್ರಾಪೆ:

ಇನ್‌ವಾಯ್ಸನ್ನೇ ಎಲ್‌ಆರ್ ಮಾಡುವುದು ಖಂಡಿತ ಬೇಡ. ಎಲ್‌ಆರ್ ಎಂದರೆ ಸರಕು ನಿಮ್ಮ ವಶಕ್ಕೆ ಬಂದಿದೆ ಎಂಬುದರ ರಸೀದಿ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಅದಕ್ಕೆ ತನ್ನದೇ ಸ್ಥಾನವಿದೆ. ಬಿಲ್ ಅದಾದ ಮೇಲೆ ಬರುವಂಥದ್ದು, ಅದೂ ಒಂದಕ್ಕೊಂದು ಎಂಬ ಲೆಕ್ಕದಲ್ಲಿ ಬರುವುದಿಲ್ಲ. ಟು-ಪೇ (ತಲುಪಿದ ಮೇಲೆ ಪಾವತಿ) ಆದರೆ ಬಾಡಿಗೆ ಕೊಡುವವರು ಸರಕು ಪಡೆಯುವವರು. ತಿಂಗಳ ಬಿಲ್ಲಿನ ಪಾರ್ಟಿಯಾದರೆ ಹತ್ತಾರು ಎಲ್‌ಆರ್‌ಗಳು ಸೇರಿ ಒಂದೇ ಇನ್‌ವಾಯ್ಸ್ ಆಗುತ್ತದೆ. ಜೊತೆಗೆ, ಇನ್‌ವಾಯ್ಸ್ ಸಬ್ಮಿಟ್ ಆದೊಡನೆ ಲೆಡ್ಜರ್‌ಗೆ ನಮೂದು ಬೀಳುತ್ತದೆ. ಮುಂದೆ ವೇ ಬ್ರಿಜ್‌ನಲ್ಲಿ ತೂಕ ಬೇರೆ ಬಂದಾಗಲೆಲ್ಲ ಅದನ್ನು ರದ್ದುಮಾಡಿ ಅಮೆಂಡ್ ಮಾಡುತ್ತ ಕೂರಬೇಕಾಗುತ್ತದೆ.

ಪ್ರತ್ಯೇಕ ಆ್ಯಪ್ ಒಂದನ್ನು ತೆರೆದು ಅದರಲ್ಲಿ ಎಲ್‌ಆರ್ ಮತ್ತು ಟ್ರಿಪ್ ಎಂಬ ಎರಡು ಡಾಕ್‌ಟೈಪ್‌ಗಳನ್ನು (ದಾಖಲೆಯ ನಮೂನೆಗಳನ್ನು) ಮಾಡಿಸಿ. ಲಾರಿ ಮತ್ತು ಚಾಲಕರ ವಿವರ ಟ್ರಿಪ್‌ನಲ್ಲಿರಲಿ, ಎಲ್‌ಆರ್‌ನಲ್ಲಿ ಬೇಡ. ಏಕೆಂದರೆ ಒಂದು ಟ್ರಿಪ್‌ನಲ್ಲಿ ಹಲವು ಎಲ್‌ಆರ್‌ಗಳು ಹೋಗುವಂತೆಯೇ, ಹುಬ್ಬಳ್ಳಿಯಲ್ಲಿ ಸರಕು ಬೇರೆ ಲಾರಿಗೆ ಏರಿದರೆ ಒಂದೇ ಎಲ್‌ಆರ್ ಎರಡು ಟ್ರಿಪ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ. ಲಾರಿ ನಂಬರನ್ನು ಎಲ್‌ಆರ್‌ಗೆ ಕಟ್ಟಿಹಾಕಿದ ವಿನ್ಯಾಸಗಳೆಲ್ಲ ಎಡವುವುದು ಇಲ್ಲೇ. ಸಾಗುವ ಸರಕು ನಿಮ್ಮದಲ್ಲವಾದ್ದರಿಂದ ಅದನ್ನು ಸ್ಟಾಕ್ ಐಟಂ ಮಾಡಬೇಡಿ. ಎಲ್‌ಆರ್‌ನಲ್ಲಿ ಬರೀ ವಿವರಣೆ, ನಗ, ತೂಕ ಸಾಕು. ಇನ್‌ವಾಯ್ಸ್‌ನಲ್ಲಿ ಬರಬೇಕಾದದ್ದು ಬಾಡಿಗೆ, ಹಮಾಲಿ, ಹಾಲ್ಟಿಂಗ್‌ಗಳಂಥ ಸೇವಾ ಐಟಂಗಳು ಮಾತ್ರ. ಮೂಲ ಕೋಡ್‌ಗೆ ಕೈ ಹಾಕದಿದ್ದರೆ ಮುಂದಿನ ಆವೃತ್ತಿಗೆ ಹೋಗುವಾಗ ಕಷ್ಟವಿರುವುದಿಲ್ಲ.

ಮಾಲೀಕರ ಆತಂಕಕ್ಕೆ ಕಾರಣವಿಲ್ಲ. ಇಆರ್‌ಪಿನೆಕ್ಸ್ಟ್‌ನ ಪರವಾನಗಿ ಜಿಪಿಎಲ್ 3. ಸಂಸ್ಥೆಯೊಳಗೇ ಬಳಸುವ ಬದಲಾವಣೆಯನ್ನು ಯಾರಿಗೂ ಕೊಡಬೇಕಿಲ್ಲ; ಸಾಫ್ಟ್‌ವೇರ್‌ನ ಪ್ರತಿಯನ್ನು ಬೇರೆಯವರಿಗೆ ಹಂಚಿದರೆ ಮಾತ್ರ, ಪಡೆದವರಿಗೆ ಮೂಲ ಕೋಡ್ ಸಿಗುವಂತಿರಬೇಕು.

ಚಾಕಣ್_ಅಕೌಂಟ್ಸ್:

ವಿನ್ಯಾಸದ ಬಗ್ಗೆ ವಾಶಿಯವರ ಮಾತಿಗೆ ನನ್ನ ಸಹಮತವಿದೆ, ಆದರೆ ಎಲ್‌ಆರ್‌ನಿಂದಲೇ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ಪುಣೆಯ ಸುತ್ತಮುತ್ತ ನಾನು ಕಂಡ ಸಾಗಣೆ ಕಚೇರಿಗಳಲ್ಲಿ ಹಣ ಸೋರುವುದು ಚಾಲಕರ ಹಿಸಾಬಿನಲ್ಲಿ, ಅಂದರೆ ಅವರ ಟ್ರಿಪ್ ಖರ್ಚಿನ ಲೆಕ್ಕದಲ್ಲಿ. ಹೊರಡುವಾಗ ನಗದು ಅಡ್ವಾನ್ಸ್ ಕೊಡುತ್ತಾರೆ. ಡೀಸೆಲ್ ಖಾತೆಯಿರುವ ಪಂಪಿನಲ್ಲಿ ಉದ್ರಿ. ಟೋಲ್ ಫಾಸ್ಟ್ಯಾಗ್‌ನಿಂದ ಕಡಿತವಾಗಿ ಬ್ಯಾಂಕಿನ ಪಟ್ಟಿಯಲ್ಲಿ ಬೇರೆಯಾಗಿ ಬರುತ್ತದೆ. ಪಂಕ್ಚರ್, ಹಮಾಲಿ, ಭತ್ಯೆಗಳ ಚೀಟಿಗಳು ಚಾಲಕರ ಜೇಬಿನಲ್ಲಿರುತ್ತವೆ, ಅರ್ಧ ಮಾಸಿ. ಅಡ್ವಾನ್ಸನ್ನು ಕೊಟ್ಟ ದಿನವೇ ಖರ್ಚಿಗೆ ಹಾಕಿಬಿಟ್ಟರೆ ಮತ್ತೆ ಯಾರೂ ಆ ಚೀಟಿಗಳನ್ನು ಕೇಳುವುದಿಲ್ಲ. ಅದು ಚಾಲಕರ ಹೆಸರಿನಲ್ಲಿ ಬಾಕಿಯಾಗಿಯೇ ನಿಲ್ಲಬೇಕು. ಟ್ರಿಪ್ ಮುಗಿದು ಖರ್ಚು ಒಪ್ಪಿಗೆಯಾದಾಗ ಮಾತ್ರ ಇಳಿಯಬೇಕು. ಲಾರಿ ಮತ್ತು ಟ್ರಿಪ್ ಎರಡನ್ನೂ ಅಕೌಂಟಿಂಗ್ ಡೈಮೆನ್ಷನ್ (ಲೆಕ್ಕವನ್ನು ವಿಂಗಡಿಸಿ ನೋಡುವ ಗುರುತು) ಮಾಡಿಕೊಂಡರೆ, ಯಾವ ಲಾರಿ ದುಡಿಯುತ್ತಿದೆ, ಯಾವುದು ಬರೀ ಓಡುತ್ತಿದೆ ಎಂಬುದು ಲಾಭ-ನಷ್ಟದ ಪಟ್ಟಿಯಲ್ಲೇ ತಿಳಿಯುತ್ತದೆ.

ಬಾಡಿಗೆ ಲಾರಿಗಳ ಮಾಲೀಕರು ನಿಮಗೆ ಸಪ್ಲೈಯರ್‌ಗಳು. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳಿರುವವರು ಪ್ಯಾನ್ ಸಹಿತ ಘೋಷಣೆ ಕೊಟ್ಟರೆ ಟಿಡಿಎಸ್ (ಪಾವತಿಯಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿತವಿಲ್ಲ. ಆ ಘೋಷಣೆ ಯಾವ ಆರ್ಥಿಕ ವರ್ಷದ್ದು ಎಂಬುದಕ್ಕೆ ಸಪ್ಲೈಯರ್ ದಾಖಲೆಯಲ್ಲೇ ಒಂದು ಫೀಲ್ಡ್ ಇಡಿ. ಪಿಒಡಿ (ಸರಕು ತಲುಪಿದ್ದಕ್ಕೆ ಪಡೆದವರ ಸಹಿಯಿರುವ ಪ್ರತಿ) ಬಂದು ಸೇರದೆ ಬ್ಯಾಲೆನ್ಸ್ ಪಾವತಿಯಾಗದಂತೆ ತಡೆಯನ್ನೂ ಹಾಕಿಸಿ. ಪಿಒಡಿಯಲ್ಲಿ ‘ಎರಡು ಚೀಲ ಒದ್ದೆ’ ಎಂದು ಷರಾ ಇದ್ದರೆ ಅದು ಮೊದಲು ಕಾಣಬೇಕಾದದ್ದು ಹಣ ಕೊಡುವವರ ಕಣ್ಣಿಗೆ.

ಕಳಂಬೋಲಿ_ಲೆಕ್ಕ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಿಸಾಬನ್ನು ಸ್ವಂತ ಲಾರಿಗಳಿಂದ ಆರಂಭಿಸಿ, ಎಲ್‌ಆರ್ ಪುಸ್ತಕವನ್ನು ಸದ್ಯಕ್ಕೆ ಕಾಗದದಲ್ಲೇ ಉಳಿಸಿಕೊಳ್ಳುತ್ತೇವೆ. ಇ-ವೇ ಬಿಲ್‌ಗೆ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಇಆರ್‌ಪಿನೆಕ್ಸ್ಟ್‌ನ ಇಂಡಿಯಾ ಕಂಪ್ಲೈಯನ್ಸ್ ಆ್ಯಪ್ ಹಾಕಿದರೆ ಸಾಕೇ?

ವಾಶಿ_ಫ್ರಾಪೆ:

ಅದು ಮುಖ್ಯವಾಗಿ ಸರಕಿನ ಮಾಲೀಕರು ತಮ್ಮ ಇನ್‌ವಾಯ್ಸ್‌ನಿಂದ ಇ-ವೇ ಬಿಲ್ ತೆಗೆಯುವುದಕ್ಕೆ. ನಿಮ್ಮ ಪಾಲಿನ ಕೆಲಸ ಹೆಚ್ಚಾಗಿ ಆ ಬಿಲ್‌ನ ಪಾರ್ಟ್-ಬಿ: ಲಾರಿ ನಂಬರ್ ತುಂಬುವುದು ಮತ್ತು ದಾರಿಯಲ್ಲಿ ಲಾರಿ ಬದಲಾದರೆ ತಿದ್ದುವುದು. ಆರಂಭದಲ್ಲಿ ಅದನ್ನು ಪೋರ್ಟಲ್‌ನಲ್ಲೇ ಮಾಡಿ. ಇ-ವೇ ಬಿಲ್ ನಂಬರ್ ಮತ್ತು ಅವಧಿ ಮುಗಿಯುವ ಸಮಯಕ್ಕೆ ಈಗ ಟ್ರಿಪ್‌ನಲ್ಲೇ ಒಂದು ಪಟ್ಟಿ ಇಟ್ಟುಕೊಳ್ಳಿ. ಎಲ್‌ಆರ್ ಡಾಕ್‌ಟೈಪ್ ಬಂದ ಮೇಲೆ ಅಲ್ಲಿಗೆ ಸಾಗಿಸಬಹುದು.

ಇ-ವೇ ಬಿಲ್‌ನ ಅವಧಿ ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕವಾದ್ದರಿಂದ, ಸುಮಾರು 1,000 ಕಿ.ಮೀ. ದೂರದ ಬೆಂಗಳೂರಿಗೆ ಐದು ದಿನ ಸಿಗುತ್ತದೆ. ನೇರ ಓಟಕ್ಕೆ ಅದು ಧಾರಾಳ. ಹುಬ್ಬಳ್ಳಿಯಲ್ಲಿ ಸರಕು ಎರಡು ದಿನ ಕಾದರೆ ಸಾಲದು. ಅವಧಿ ವಿಸ್ತರಣೆಗೆ ಅವಕಾಶವಿರುವುದು ಮುಗಿಯುವ ಸಮಯದ ಹಿಂದು ಮುಂದಿನ 8 ಗಂಟೆಗಳಲ್ಲಿ ಮಾತ್ರ. ಮರುದಿನದೊಳಗೆ ಅವಧಿ ಮುಗಿಯುವ, ಪಿಒಡಿ ಬಾರದ ಬಿಲ್‌ಗಳ ಪಟ್ಟಿ ಪ್ರತಿ ಸಂಜೆ ಲಾರಿಗಳ ಓಡಾಟ ನೋಡಿಕೊಳ್ಳುವವರಿಗೆ ತಾನಾಗಿ ಹೋಗುವಂತೆ ಮಾಡಿಸಿ. ಇದು ಡೆವಲಪರ್‌ಗೆ ಅರ್ಧ ದಿನದ ಕೆಲಸವೂ ಅಲ್ಲ.