ಸವಳು ಹೊಲದಲ್ಲಿ ಕುರಿ, ಎಮ್ಮೆ ಸಾಕಬಹುದಾ?

ಸಿಂಧನೂರು ರೈತ:
ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಜಮೀನು. ಹಳ್ಳದ ಬದಿಯ 4 ಎಕರೆ ಪೂರಾ ಸವಳಾಗಿದೆ, ಅಂದರೆ ಮಣ್ಣಿಗೆ ಉಪ್ಪು ಹಿಡಿದಿದೆ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ. ಭತ್ತ ಹಚ್ಚಿದರೆ ಗೊಬ್ಬರದ ದುಡ್ಡೂ ಬರುವುದಿಲ್ಲ. ಹಾಗಂತ ಪಾಳು ಬಿಡಲು ಮನಸ್ಸಿಲ್ಲ, ಅಪ್ಪ ಎತ್ತು ಹೂಡಿ ಹದ ಮಾಡಿದ ಹೊಲ ಅದು. 20 ಕೆಂಗುರಿ, 2 ಎಮ್ಮೆ ತರೋಣ ಅಂತಿದ್ದೇನೆ. ಅಲ್ಲಿ ಮೇವು ಬರುತ್ತದಾ? ಬೋರಿನ ನೀರೂ ಉಪ್ಪು.

ಕಾರಟಗಿ ಹೊಲ:
ಅಣ್ಣಾ, ಕುರಿ ಆಮೇಲೆ, ಮೊದಲು ಮಣ್ಣು ಟೆಸ್ಟ್ ಮಾಡಿಸಿ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ಕೆಲಸ ಮಾಡುತ್ತಾರೆ, ಒಮ್ಮೆ ಹೋಗಿ ಬನ್ನಿ. ಇಸಿ (ಉಪ್ಪಿನ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ) ಜೊತೆಗೆ ಇಎಸ್‌ಪಿ (ಮಣ್ಣಿನ ಕಣಕ್ಕೆ ಅಂಟಿದ ಸೋಡಿಯಂ ಶೇಕಡಾ ಎಷ್ಟು ಅನ್ನೋದು) ಕೂಡ ಕೇಳಿ. ಅದು 15 ದಾಟಿದ್ದರೆ ಸೋಡಿಯಂ ಜಾಸ್ತಿ ಅಂತ, ಆಗ ಜಿಪ್ಸಂ ಬೇಕು. ಬರೀ ಉಪ್ಪಾಗಿದ್ದರೆ ಬಸಿಗಾಲುವೆ ತೆಗೆದು ಕಾಲುವೆ ನೀರಿನಲ್ಲಿ ತೊಳೆಯಬೇಕು, ಅದಕ್ಕೆ ಸುಮ್ನೆ ಜಿಪ್ಸಂ ಸುರಿದರೆ ದುಡ್ಡು ದಂಡ. ಮೇವಿಗೆ ತಗ್ಗಿನಲ್ಲಿ ಪ್ಯಾರಾ ಹುಲ್ಲು ಹಾಕಿ, ಉಪ್ಪು, ನೀರು ಎರಡನ್ನೂ ತಡೆಯುತ್ತದೆ. ಬೀಜ ಹುಡುಕಬೇಡಿ, ಕಾಂಡದ ತುಂಡು ಊರಿದರೆ ಸಾಕು. ಸ್ವಲ್ಪ ಎತ್ತರದ ಕಡೆ ರೋಡ್ಸ್ ಹುಲ್ಲು. ಕುದುರೆ ಮೆಂತೆ (ಲೂಸರ್ನ್ ಮೇವು) ಮಾತ್ರ ಅಲ್ಲಿ ಬೇಡ.

ಮಾನ್ವಿ ಅಕ್ಕ:
ತಮ್ಮಾ, ನನಗೆ ಉಪ್ಪಿಗಿಂತ ಆ ಜವಳಿನ, ಅಂದರೆ ನೀರು ನಿಲ್ಲುವ ತಗ್ಗಿನ ಭಯ. ನಮ್ಮ 7 ಕುರಿ ಒಂದೇ ಚಳಿಗಾಲದಲ್ಲಿ ಹೋದವು. ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು, ನಾವು ಏನೋ ನಂಜು ಅಂತ ಅರಿಶಿನ ಹಚ್ಚುತ್ತಾ ಕೂತೆವು. ಡಾಕ್ಟರು ಸತ್ತ ಕುರಿ ಕೊಯ್ದು ತೋರಿಸಿದರು, ಲಿವರ್ ತುಂಬ ಎಲೆಯಂಥ ಚಪ್ಪಟೆ ಹುಳು. ನಿಂತ ನೀರಿನ ಸಣ್ಣ ಬಸವನಹುಳುವಿನಿಂದ ಹುಲ್ಲಿಗೆ ಬಂದು, ಅಲ್ಲಿಂದ ಕುರಿಗೆ ಬರುತ್ತದಂತೆ. ಈಗ ತಗ್ಗಿಗೆ ಕುರಿ ಬಿಡುವುದೇ ಇಲ್ಲ. ನೀರಲ್ಲಿ ಮುಳುಗಿದ ಬುಡ ಬಿಟ್ಟು ಮೇಲಿನ ಹುಲ್ಲು ಕೊಯ್ದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಹಾಕುತ್ತೇವೆ. ಎಲ್ಲ ಜಂತಿನ ಔಷಧಿ ಈ ಹುಳುವಿಗೆ ನಾಟುವುದಿಲ್ಲ, ಡಾಕ್ಟರನ್ನು ಕೇಳಿಯೇ ಕುಡಿಸಿ. ಬಳ್ಳಾರಿ ಜಾಲಿ ಕಾಯಿ ಕುರಿ ಇಷ್ಟಪಟ್ಟು ತಿನ್ನುತ್ತವೆ, ಆದರೆ ಅದೊಂದೇ ಹೊಟ್ಟೆ ತುಂಬ ತಿನ್ನಿಸಬೇಡಿ.

ಹಾಲಿನ ಮನೆ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಬೋರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪು-ಲವಣ ಎಷ್ಟಿದೆ ಅಂತ ನೋಡಿಸಿ. ಲೀಟರಿಗೆ 3000 ಮಿಲಿಗ್ರಾಂ ಒಳಗಿದ್ದರೆ ದನ ಕುಡಿಯುತ್ತವೆ, ಶುರುವಿನಲ್ಲಿ ಸ್ವಲ್ಪ ಭೇದಿ ಆಗಬಹುದು. 5000 ದಾಟಿದರೆ ಗಬ್ಬದ ಎಮ್ಮೆಗೂ ಹಿಂಡುವ ಎಮ್ಮೆಗೂ ಬೇಡವೇ ಬೇಡ. ಬೇಸಿಗೆಯಲ್ಲಿ ತೊಟ್ಟಿ ನೀರು ಆರಿ ಇನ್ನೂ ಉಪ್ಪಾಗುತ್ತದೆ, ದಿನಾ ಚೆಲ್ಲಿ ಹೊಸದು ತುಂಬಿಸಿ. ಕಾಲುವೆ ಬಿಟ್ಟಾಗ ಹೊಂಡ ತುಂಬಿಸಿಡಿ, ಆದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ನೆಲದ ಉಪ್ಪು ಅದಕ್ಕೂ ಇಳಿಯುತ್ತದೆ.

ಸಿಂಧನೂರು ರೈತ:
ಅಕ್ಕಾ, ನಿಮ್ಮ ಕುರಿ ವಿಷಯ ಓದಿ ಎದೆ ಧಸಕ್ ಅಂತು, ನಾನು ಆ ತಗ್ಗಿಗೇ ಬಿಡೋಣ ಅಂತಿದ್ದೆ. ಸೋಮವಾರ ಮಣ್ಣು, ನೀರು ಎರಡೂ ತಗೊಂಡು ಗಂಗಾವತಿಗೆ ಹೋಗುತ್ತೇನೆ. ಈ ವರ್ಷ ಬರೀ ಹುಲ್ಲು, ಅದು ಬಂದ ಮೇಲೆ ಕುರಿ. ಪ್ಯಾರಾ ಹುಲ್ಲಿನ ಕಾಂಡ ನಿಮ್ಮ ಕಡೆ ಸಿಗುತ್ತದಾ?

ಮಾನ್ವಿ ಅಕ್ಕ:
ನಮ್ಮ ಹೊಲದಲ್ಲೇ ಇದೆ. ಗಾಡಿ ತಗೊಂಡು ಬಾ, ಬೇಕಾದಷ್ಟು ಕೊಯ್ದುಕೊಂಡು ಹೋಗು.